ಜೂನ್ ಒಂದರ ಶೇಖವ್ವಂದಿರು

ಡಿಸೆಂಬರ್ ೨, ಸೋಮವಾರ

ಹೊಸ ಊರು, ಹೊಸ ಖೋಲಿ, ಹೊಸ ಕೆಲಸ. ಡೈರಿ ಮಾತ್ರ ಹಳೆಯದು. ಹೋದ ವರ್ಷ ಗೊಬ್ಬರದಂಗಡಿಯವರು ತಮ್ಮನಿಗೆ ಪುಕ್ಕಟೆ ಕೊಟ್ಟದ್ದು, ಮೊದಲ ನಾಲ್ಕು ಪುಟ ಬಿಟ್ಟರೆ ಉಳಿದದ್ದೆಲ್ಲ ಖಾಲಿ. ಖಾಲಿ ಹಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇಪ್ಪತ್ತು ವರ್ಷ ಹಾವೇರಿಯಲ್ಲಿ ಒಂದು ಆಫೀಸಿನಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರಿಗೆ ಫಾರ್ಮು ತುಂಬಿದವಳು ನಾನು. "ಮಾಲಾ ಒಂದೂ ಖಾನೆ ಖಾಲಿ ಬಿಡೂದಿಲ್ಲ" ಎಂದು ಸಾಹೇಬರು ಎಲ್ಲರ ಮುಂದೆ ಹೊಗಳುತ್ತಿದ್ದರು. ಹೊಗಳಿದ ಅದೇ ಬಾಯಿಂದ ದೀಪಾವಳಿ ಮುಗಿದ ಮೇಲೆ ಗುತ್ತಿಗೆ ಮುಗಿಯಿತು ಅಂದರು. ತಮ್ಮನ ಮನೆಯಲ್ಲಿ ಇಡೀ ದಿನ ಕೂತರೆ ಅವನ ಹೆಂಡತಿ ಪಾತ್ರೆಗಳ ಜೊತೆ ಜೋರಾಗಿ ಮಾತಾಡುತ್ತಾಳೆ. ಅದಕ್ಕೇ ಶಿಗ್ಗಾಂವಿಗೆ ಬಂದೆ.

ಕೆಲಸ ತುಂಡು ಬಟ್ಟೆ ಸೇರಿಸಿ ಹೊದೆಯುವ ಕೌದಿ ಹೊಲಿಯುವ ಹೆಂಗಸರ ಸಂಘದ್ದು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನವರು ಸೇರಿ ಕಟ್ಟಿದ್ದು. ನಾಲ್ಕುನೂರಕ್ಕೂ ಹೆಚ್ಚು ಫಾರ್ಮುಗಳನ್ನು ಕಂಪ್ಯೂಟರಿಗೆ ಏರಿಸಿ ಪ್ರತಿಯೊಬ್ಬಳಿಗೂ ಒಂದು ನಂಬರು ಕೊಡಬೇಕು. ಆ ಪಟ್ಟಿ ಜನವರಿ ಆರಕ್ಕೆ ಹೆಸರಿನ ಪಟ್ಟಿ ನೇಯುವವರಿಗೆ ಹೋಗುತ್ತದೆ. ಅಂಗಿಯ ಕಾಲರಿಗೆ ಇರುತ್ತದಲ್ಲ, ಅಂಥ ಸಣ್ಣ ಬಟ್ಟೆಯ ಪಟ್ಟಿ. ಹೊಲಿದವಳ ಹೆಸರು, ನಂಬರು ಅದರಲ್ಲಿ ನೇಯ್ದು ಬರುತ್ತವೆ. ಜನವರಿ ಹತ್ತೊಂಬತ್ತಕ್ಕೆ ಹಾನಗಲ್ಲಿನಲ್ಲಿ ಪ್ರದರ್ಶನ. ಹೆಸರಿಲ್ಲದ ಕೌದಿ ಅಲ್ಲಿ ಇಡುವಂತಿಲ್ಲ.

ಅಧ್ಯಕ್ಷೆ ಸರೋಜವ್ವ ಹಾನಗಲ್ಲಿನವರು, ಮಾತು ಕಡಿಮೆ, ಹುಕುಂ ಜಾಸ್ತಿ. ಅಡ್ಡಹೆಸರು ಕೇಳಬಾರದು, ಅದರಲ್ಲಿ ಜಾತಿ ಗೊತ್ತಾಗುತ್ತದೆ. ಆಧಾರ್ ನಂಬರ್ ಕೇಳಬಾರದು, ಹಿಂದೊಮ್ಮೆ ಯಾರೋ ಇಸಿದುಕೊಂಡು ಹೋಗಿ ತ್ರಾಸು ಕೊಟ್ಟಿದ್ದರು. ಹೆಸರು, ಗಂಡನ ಅಥವಾ ಅಪ್ಪನ ಹೆಸರು, ಹುಟ್ಟಿದ ತಾರೀಖು, ಊರು, ಮೊಬೈಲು. ಇಷ್ಟೇ.

ಖೋಲಿ ಚಮನಬಿ ಎಂಬ ಅಜ್ಜಿಯದು. ಅವರೂ ಕೌದಿ ಹೊಲಿಯುವವರೇ. ನನ್ನ ಟ್ರಂಕು ಒಳಗಿಡುವ ಮೊದಲೇ ಕೇಳಿದರು: "ಗಂಡ ಎಲ್ಲದಾನ ಬೇಟಿ?"

"ಮಿಲಿಟರಿಯಾಗ ಅದಾರ್ರಿ. ಜಮ್ಮುದಾಗ."

ಎಲ್ಲಿಂದ ಬಂತೋ ಆ ಮಾತು, ಬಾಯಿಂದ ತಾನೇ ಹೊರಬಿತ್ತು. ನಲವತ್ಮೂರು ವರ್ಷವಾದರೂ ಲಗ್ನವಾಗಿಲ್ಲ ಅಂದರೆ ಮುಂದೆ ಹತ್ತು ಪ್ರಶ್ನೆ ಬರುತ್ತವೆ. ಮಿಲಿಟರಿ ಅಂದರೆ ಒಂದೂ ಬರುವುದಿಲ್ಲ.

ಡಿಸೆಂಬರ್ ೫, ಗುರುವಾರ

ಆಫೀಸು ಅಂದರೆ ಕರೀಮಸಾಬರ ಟೇಲರ್ ಅಂಗಡಿಯ ಮೇಲಿನ ಖೋಲಿ. ಕೆಳಗಿನಿಂದ ದಿನವಿಡೀ ಹೊಲಿಗೆ ಮಷಿನಿನ ಸದ್ದು, ಮೇಲೆ ನನ್ನ ಕೀಬೋರ್ಡು. ಅವರು ತುಂಡು ಬಟ್ಟೆಗಳನ್ನೆಲ್ಲ ಸಂಘಕ್ಕೇ ಕೊಡುತ್ತಾರೆ.

ಫಾರ್ಮುಗಳದೇ ಕಿರಿಕಿರಿ. ಪ್ರತಿ ಫಾರ್ಮಿಗೂ ಅಂಗೈಯಗಲದ ಬಟ್ಟೆಯೊಂದನ್ನು ಟಾಚಣಿಯಿಂದ ಚುಚ್ಚಿದ್ದಾರೆ. ಅವಳವಳ ಹೊಲಿಗೆಯ ನಮೂನೆಯಂತೆ. ಕಂಪ್ಯೂಟರಿಗೆ ಬಟ್ಟೆ ಏರಿಸಲಿಕ್ಕಾಗುತ್ತದೆಯೇ? ಒಂದರ ಮೇಲೊಂದು ಇಟ್ಟರೆ ಜಾರಿ ಬೀಳುತ್ತವೆ. ಇವತ್ತು ಆರು ಸಲ ಬೆರಳಿಗೆ ಚುಚ್ಚಿಸಿಕೊಂಡೆ.

ಮುದುಕಿಯರಾರಿಗೂ ಹುಟ್ಟಿದ ತಾರೀಖು ಗೊತ್ತಿಲ್ಲ. "ಹತ್ತಿ ಬಿಡಿಸೂವಾಗ", "ನಮ್ಮ ಎಮ್ಮಿ ಮೊದಲನೇ ಕರಾ ಹಾಕಿದ ವರ್ಷ" ಎಂದೆಲ್ಲ ಬರೆಸಿದ್ದಾರೆ. ನಾನು ಹಳೇ ಕೈ. ಸಾಲಿ ಮಾಸ್ತರರು ಏನು ಮಾಡುತ್ತಿದ್ದರೋ ಅದನ್ನೇ ಮಾಡಿದೆ. ಜೂನ್ ಒಂದು! ನನ್ನ ಹುಟ್ಟಿದ ದಿನವೂ ಅದೇ, ಮಾಸ್ತರರು ಬರೆದದ್ದು. ಎಪ್ಪತ್ತು ದಾಟಿದವರಿಗೆಲ್ಲ ಜೂನ್ ಒಂದು, ೧೯೫೦. ಅರವತ್ತು ದಾಟಿದವರಿಗೆ ೧೯೬೦. ಒಂದೇ ದಿನಕ್ಕೆ ತೊಂಬತ್ತು ಫಾರ್ಮು ಮುಗಿದವು.

ಮೊಬೈಲ್ ಇಲ್ಲದವರಿಗೆ ಹತ್ತು ಸಲ ಒಂಬತ್ತು ಒತ್ತಿದೆ. ಮೊದಲನೆಯವಳಿಗೆ ಮಷಿನ್ ಒಪ್ಪಿತು, ಎರಡನೆಯವಳಿಗೆ "ಈ ಸಂಖ್ಯೆ ಈಗಾಗಲೇ ಇದೆ" ಅಂತು. ನನಗೇ ಬುದ್ಧಿ ಕಲಿಸಲು ಬಂತು. ಮುಂದಿನವಳಿಗೆ ಕೊನೆಯ ಅಂಕಿ ಎಂಟು, ಅದರ ಮುಂದಿನವಳಿಗೆ ಏಳು. ಒಪ್ಪಿತು! ನನ್ನ ಜಾಣತನಕ್ಕೆ ನಾನೇ ಒಂದು ಕಪ್ಪು ಚಹಾ ಹೆಚ್ಚಿಗೆ ಕುಡಿದೆ.

ಡಿಸೆಂಬರ್ ೯, ಸೋಮವಾರ

ಪೀಕಲಾಟ. ಬೆಳಗ್ಗೆ ಯಾರೋ ಶಂಕ್ರಪ್ಪ ಅನ್ನುವವರು ಫೋನ್ ಮಾಡಿ ಕೂಗಾಡಿದರು. "ಯಾರವಾ ನೀವು? ಮೂರು ದಿನದಿಂದ ನನಗ ಬಸವ್ವಾರ, ನಿಮ್ಮ ಕೌದಿ ತರ್ರಿ ಅಂತ ಮೆಸೇಜ್ ಬರಾಕತ್ತಾವ. ನಾ ಟ್ರ್ಯಾಕ್ಟರ್ ರಿಪೇರಿ ಮಾಡಾಂವ. ನಮ್ಮ ಮನ್ಯಾಕಿ ಈ ಬಸವ್ವ ಯಾರು ಅಂತ ಕೇಳಾಕತ್ತಾಳ!"

ನಾನು ಕಲ್ಪಿಸಿದ ನಂಬರು ನಿಜವಾಗಿ ಒಬ್ಬರ ಕಿಸೆಯಲ್ಲಿತ್ತು. ಅವರ ಹೆಂಡತಿಯ ಜೊತೆ ಹತ್ತು ನಿಮಿಷ ಮಾತಾಡಿ ಬಸವ್ವನಿಗೆ ಎಪ್ಪತ್ತೊಂದು ವರ್ಷ ಎಂದು ಆಣೆ ಮಾಡಿ ಹೇಳಿದೆ. ಕೊನೆಗೆ ಆಕೆ ನಕ್ಕು, ತಾನೂ ಕೌದಿ ಹೊಲಿಯುತ್ತೇನೆ, ಫಾರ್ಮು ಕಳಿಸಿ ಅಂದಳು. ಹೀಗೂ ಸದಸ್ಯರಾಗುತ್ತಾರೆ.

ಇನ್ನೊಂದು. ಇವತ್ತಿನವರೆಗೆ ಹನ್ನೊಂದು ಫಾರ್ಮಿಗೆ ಮಷಿನ್ "ಈ ಸದಸ್ಯೆ ಈಗಾಗಲೇ ಇದ್ದಾರೆ" ಎಂದು ಹೇಳಿದೆ. ತವರುಮನೆಯಲ್ಲೊಂದು, ಗಂಡನ ಮನೆಯಲ್ಲೊಂದು ಫಾರ್ಮು ಕೊಟ್ಟಿರುತ್ತಾರೆ, ಅದಕ್ಕೇ ಊರು ಬೇರೆಯಾದರೂ ಹಿಡಿಯುವಂತೆ ಪ್ರೋಗ್ರಾಂ ಬರೆದಿದ್ದಾರಂತೆ. ಹನ್ನೊಂದನ್ನೂ ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನ ಕೆಳಗೆ ತಳ್ಳಿದೆ. ಚೊಕ್ಕಟವಾಯಿತು.

ಡಿಸೆಂಬರ್ ೧೬, ಸೋಮವಾರ. ಹಿರೇಕೆರೂರಿನಿಂದ ಬರುವ ಬಸ್ಸಿನಲ್ಲಿ ಶುರು ಮಾಡಿ, ಖೋಲಿಯಲ್ಲಿ ಮುಗಿಸಿದ್ದು

ಇವತ್ತು ಹಿರೇಕೆರೂರಿನ ಸಭೆ. ಎಂಬತ್ತು ಹೆಂಗಸರು, ಮಂಡಕ್ಕಿ, ಚಹಾ. ನಾನು ನಿಂತು ನಾಲ್ಕೂ ತಾಲೂಕಿನ ಪಟ್ಟಿ ಓದಿದೆ. "ಶೇಖವ್ವ, ಗಂಡ ಹೊಳಬಸಪ್ಪ" ಅಂದಾಗ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ನಿಂತರು. ಹಸಿರು ಇಳಕಲ್ ಸೀರೆ, ಗಲ್ಲದ ಮೇಲೆ ಹಚ್ಚೆ, ಮುಖದ ತುಂಬ ನಗು. ನಾನು ಮುಂದೆ ಓದಿದೆ: "ಊರು ಬಂಕಾಪುರ."

"ನಾ ಹಂಸಭಾವ್ಯಾಕಿ" ಅಂದರು.

ಪಟ್ಟಿ ಪೂರ್ತಿ ಹುಡುಕಿದೆ. ಹಂಸಭಾವಿಯಲ್ಲಿ ಶೇಖವ್ವ ಇಲ್ಲ. ಆಗ ರಬ್ಬರ್ ಬ್ಯಾಂಡು ನೆನಪಾಯಿತು. "ಅಜ್ಜಿ, ನೀವು ಮೊದಲ ಅದೀರಿ ಅಂತ ಮಷಿನ್ ಹೇಳೇತ್ರಿ" ಅಂದೆ.

"ನಾ ಈಗ ಇಲ್ಲೆ ನಿಂತೇನಲ್ಲ ತಂಗಿ, ಮೊದಲ ಎಲ್ಲಿದ್ದೆ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಶೇಖವ್ವನೂ ನಕ್ಕರು, ಆದರೆ ಕೂರಲಿಲ್ಲ. "ಹನ್ನೆರಡನೇ ವರ್ಷದಿಂದ ಹೊಲಿಯಾಕತ್ತೇನಿ. ಬಾಣಂತ್ಯಾರಿಗೆ, ಬೀಗರಿಗೆ, ಊರಿಗೆಲ್ಲಾ ಹೊಲದೆ. ಎಲ್ಲಾರೂ ಹೊಳಬಸಪ್ಪನ ಮನಿ ಕೌದಿ ಅಂತಾರ. ಅಂವಗ ಸೂಜಿಗೆ ದಾರ ಪೋಣಿಸಾಕೂ ಬರ್ತಿದ್ದಿಲ್ಲ. ಒಂದರ ಮ್ಯಾಲರ ಶೇಖವ್ವ ಅಂತ ಇರ್ಲಿ ಅಂತ ಬಂದೆ. ಇಲ್ಲಂದ್ರ ಬಿಡ್ರಿ."

ಆ ಕೊನೆಯ ಮಾತು ಅವರು ಸುಮ್ಮನೆ ಹೇಳಿದ್ದು. ನಾನು ಮಂಡಕ್ಕಿ ತಟ್ಟೆ ಪಕ್ಕಕ್ಕಿಟ್ಟೆ. ಸಭೆ ಮುಗಿದ ಮೇಲೆ ಪಕ್ಕದಲ್ಲಿ ಹೋಗಿ ಕೂತೆ. ಬೈಯಲಿ ಎಂದೇ ಹೋದದ್ದು. ಅವರು ಬೈಯಲಿಲ್ಲ, ಗಂಡನನ್ನು ಕೇಳಿದರು. ಜಮ್ಮು ಅಂದೆ. "ಅಯ್ಯ, ಅಲ್ಲಿ ಚಳಿ ಭಾಳಂತಲ್ಲ" ಎಂದು ನನ್ನ ಕೈ ಹಿಡಿದುಕೊಂಡರು. ಕೈ ಬಿಡಿಸಿಕೊಳ್ಳಲು ಧೈರ್ಯವಾಗಲಿಲ್ಲ.

ಮೊದಲು ಆಫೀಸಿಗೆ ಹೋಗಿ ಕಪಾಟಿನ ಕೆಳಗಿಂದ ಕಟ್ಟು, ರಾಶಿಯಿಂದ ಬಂಕಾಪುರದವರ ಫಾರ್ಮು ತೆಗೆದು ಪಕ್ಕ ಪಕ್ಕ ಇಟ್ಟೆ. ಬಂಕಾಪುರದ ಶೇಖವ್ವನ ಬಟ್ಟೆಯಲ್ಲಿ ಕೆಂಪು ದಾರ, ಸಾಲಾಗಿ ನೆಟ್ಟಗೆ ಹೋದ ಹೊಲಿಗೆ. ಹಂಸಭಾವಿಯವರದು ಹೊರಗಿನಿಂದ ಸುತ್ತುತ್ತ ಒಳಗೆ ಹೋಗಿ ನಡುವೆ ನಿಂತ ಹೊಲಿಗೆ, ಬಿಳಿ ದಾರ. ಕುರುಡರೂ ಕೈಯಾಡಿಸಿ ಇವೆರಡು ಬೇರೆ ಅಂತ ಹೇಳುತ್ತಿದ್ದರು. ಬೆರಳಿಗೆ ಚುಚ್ಚಿಸಿಕೊಂಡದ್ದೇ ಬಂತು, ಕಣ್ಣು ತೆರೆದು ನೋಡಲಿಲ್ಲ.

ಡಿಸೆಂಬರ್ ೧೭, ಮಂಗಳವಾರ

ಹಾನಗಲ್ಲಿಗೆ ಓಡಿದೆ. ಪ್ರೋಗ್ರಾಂ ಬರೆದ ಮಹಾಂತೇಶ ಅಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾನೆ, ಮೂವತ್ತರ ಹುಡುಗ. ನಿನ್ನ ಪ್ರೋಗ್ರಾಂ ಕೆಟ್ಟಿದೆ ಎಂದು ಜಗಳ ತೆಗೆಯಲಿಕ್ಕೇ ಹೋಗಿದ್ದೆ.

ಅವನು ಪರದೆ ನೋಡಿ ಹಣೆ ಹಣೆ ಬಡಿದುಕೊಂಡ. "ಅಕ್ಕಾರ, ನೂರಾ ಅರವತ್ತು ಮಂದಿ ಜೂನ್ ಒಂದಕ್ಕ ಹುಟ್ಟ್ಯಾರೇನ್ರಿ?"

"ಗೊತ್ತಿಲ್ದವರಿಗೆ ಹಾಕೇನಿ."

"ಗೊತ್ತಿಲ್ಲಂದ್ರ ಖಾಲಿ ಬಿಡ್ರಿ."

"ಖಾಲಿ ಹೆಂಗ ಬಿಡೂದೋ! ಸೊನ್ನಿನರ ಹಾಕಬೇಕಲ್ಲ."

ಅವನು ಕುರ್ಚಿ ಎಳೆದುಕೊಂಡು ಕೂತ. "ಬಸ್ಸಿನ್ಯಾಗ ಬಂದ್ರಿಲ್ಲೊ? ಕಂಡಕ್ಟರ್ ಏನ ಕೊಟ್ಟ?"

"ಜೀರೋ ಟಿಕೆಟ್."

"ಜೀರೋ ಟಿಕೆಟ್ ಅಂದ್ರ ಟಿಕೆಟ್ ಇಲ್ಲಂತೇನ್ರಿ? ಚೆಕಿಂಗ್‌ನಾಂವ ಬಂದ್ರ ಜೀರೋ ಟಿಕೆಟ್ ಇದ್ದಾಕಿ ಆರಾಮ ಕುಂದರತಾಳ, ಟಿಕೆಟ್ಟ ಇಲ್ದಾಕಿ ಬೈಸ್ಕೋತಾಳ. ಎರಡೂ ಬ್ಯಾರೆ. ಖಾಲಿ ಅಂದ್ರ ಸೊನ್ನಿ ಅಲ್ಲ, ಜೂನ್ ಒಂದೂ ಅಲ್ಲ. ಖಾಲಿ ಅಂದ್ರ ನಮಗ ಗೊತ್ತಿಲ್ಲ ಅಂತ, ಅಷ್ಟ."

ಆಮೇಲೆ ವಿವರಿಸಿದ. ಹೆಸರು, ಗಂಡನ ಹೆಸರು, ಹುಟ್ಟಿದ ತಾರೀಖು ಮೂರೂ ಒಂದೇ ಇದ್ದವಳು ಎರಡು ಸಲ ಬರಬಾರದೆಂದು ಮಷಿನಿಗೆ ಕಟ್ಟಪ್ಪಣೆ ಇದೆ. ಯುನಿಕ್ ಇಂಡೆಕ್ಸ್ ಅಂತಾರಂತೆ. ಮೂರರಲ್ಲಿ ಒಂದು ಖಾನೆ ಖಾಲಿ ಇದ್ದರೂ ಸಾಕು, ಮಷಿನ್ ತಡೆಯುವುದಿಲ್ಲ. "ಈ ಶೇಖವ್ವನ ತಾರೀಖು ಗೊತ್ತಿಲ್ಲ, ಆ ಶೇಖವ್ವನ ತಾರೀಖೂ ಗೊತ್ತಿಲ್ಲ. ಗೊತ್ತಿಲ್ದ ಎರಡನ್ನ ಒಂದ ಅಂತ ಹೆಂಗ ಹೇಳತೈತ್ರಿ? ಕೆಲವು ಸಾಫ್ಟ್‌ವೇರ್ ಒಂದ ಒಂದು ಖಾಲಿ ಬಿಡತಾವ, ಎರಡನೇದಕ್ಕ ತಕರಾರ ತಗೀತಾವ. ನಮ್ಮದು ಅಂಥಾದ್ದಲ್ಲ. ಮೊಬೈಲ್ ಖಾನೆಗೂ ಇದ ಲೆಕ್ಕ. ನೂರು ಮಂದಿದು ಖಾಲಿ ಇದ್ರೂ ನಡಿತೈತಿ. ನೀವ ತುಂಬಿ ತುಂಬಿ ಎಲ್ಲಾರನ್ನೂ ಒಂದ ಮಾಡಿಬಿಟ್ರಿ."

"ಹಂಗಾರ ಎಲ್ಲಾ ಖಾನೇನೂ ಖಾಲಿ ಬಿಡಬಹುದೇನು?"

"ಒಂದ ಬಿಟ್ಟು. ಸದಸ್ಯೆ ನಂಬರ್. ಅದು ಪ್ರೈಮರಿ ಕೀ. ಅದು ಖಾಲಿ ಇದ್ರ ಮಷಿನ್ ಒಳಗ ಬಿಡಂಗಿಲ್ಲ. ಅದನ್ನ ನೀವೇನ ಕೊಡಬೇಕಾಗಿಲ್ಲ, ಬಂದಾಕಿಗೆ ತಾನ ಒಂದು ಕೊಡತೈತಿ."

ಈ ಮಾತು ನನಗೆ ಯಾಕೋ ಹಿಡಿಸಿತು. ಉಳಿದದ್ದು ಏನಿಲ್ಲದಿದ್ದರೂ ಬಂದವಳಿಗೆ ಒಂದು ನಂಬರು.

ಅಲ್ಲಿಯೇ ಕೂತು ಶೇಖವ್ವನ ಫಾರ್ಮು ಏರಿಸಿದೆ. ತಾರೀಖು ಖಾಲಿ. ಮೊಬೈಲು ಖಾಲಿ. ಒತ್ತುವ ಮೊದಲು ಎರಡು ಸಲ ಜೂನ್ ಒಂದು ಬರೆದು ಅಳಿಸಿದೆ, ಸುಳ್ಳಲ್ಲ. ನಂಬರು ೪೩೧ ಬಂತು.

ಡಿಸೆಂಬರ್ ೧೯, ಗುರುವಾರ

ಎರಡು ದಿನದಿಂದ ಜೂನ್ ಒಂದುಗಳನ್ನು ಅಳಿಸುತ್ತಿದ್ದೇನೆ. ನೂರಾ ಅರವತ್ತು ಖಾಲಿ ಖಾನೆ. ಪರದೆ ನೋಡಿದರೆ ಹಲ್ಲು ಬಿದ್ದ ಬಾಯಿಯ ಹಾಗಿದೆ. ಮೈಯೆಲ್ಲ ಕಡಿಯುತ್ತದೆ.

ಡಿಸೆಂಬರ್ ೨೩, ಸೋಮವಾರ

ಕಟ್ಟಿನಲ್ಲಿ ಉಳಿದ ಹತ್ತು ಮಂದಿಯನ್ನು ನಾನೇ ಹೋಗಿ ಹುಡುಕುತ್ತಿದ್ದೇನೆ. ಸವಣೂರಿನಲ್ಲಿ ಇಬ್ಬರು ಸಿಕ್ಕರು, ಒಬ್ಬಳು ನಿಜವಾಗಿ ಎರಡು ಸಲ ಕೊಟ್ಟವಳು, ಇನ್ನೊಬ್ಬಳು ಬೇರೆಯೇ. ಆ ಬೇರೆಯವಳು ಸಂತೋಷಕ್ಕೆ ಒಂದು ಪೊಟ್ಟಣ ಸವಣೂರ ಖಾರಾ, ಒಂದು ಕಟ್ಟು ಎಲೆ ಕೊಟ್ಟಳು. ಎಲೆ ತಿನ್ನುವ ಅಭ್ಯಾಸ ನನಗಿಲ್ಲ ಅಂದರೆ ಕೇಳಲಿಲ್ಲ. ತಿಂದೆ. ಬಾಯಿ ಕೆಂಪಾಗಿ ಬಸ್ ಹತ್ತಿದೆ.

ಬಸ್ಸಿನಲ್ಲಿ ಪಕ್ಕದವಳು ಗಂಡನನ್ನು ಕೇಳಿದಳು. ಜಮ್ಮು ಅಂದೆ. "ಅಯ್ಯ ನನ್ನ ಮಗಾನೂ ಜಮ್ಮುದಾಗ! ಯಾವ ರೆಜಿಮೆಂಟ್ರಿ?" ಎಂದು ಮೊಬೈಲ್ ತೆಗೆದು ಮಗನಿಗೆ ಫೋನ್ ಹಚ್ಚಲು ಹೋದಳು. ಅಸ್ಸಾಮಿಗೆ ಬದಲಿಯಾಯಿತು, ಹೋದ ವಾರವೇ ಅಂದೆ. ಎಂಥಾ ಗಂಡನೋ, ಬಸ್ಸಿಳಿಯುವಷ್ಟರಲ್ಲಿ ಬದಲಿಯಾಗುತ್ತಾನೆ.

ಡಿಸೆಂಬರ್ ೨೮, ಶನಿವಾರ

ಹಂಸಭಾವಿಗೆ ಹೋದೆ. ಕೆಲಸವೇನೂ ಇರಲಿಲ್ಲ, ನಂಬರು ಹೇಳಿ ಬರುವುದಷ್ಟೇ. ಶೇಖವ್ವ ಅಂಗಳದ ಬಿಸಿಲಲ್ಲಿ ಕಾಲು ಚಾಚಿ ಕೌದಿ ಹೊಲಿಯುತ್ತಿದ್ದರು. "ನಾಕನೂರಾ ಮೂವತ್ತೊಂದು" ಎಂದು ಮೂರು ಸಲ ಹೇಳಿಸಿಕೊಂಡು ತಾವೂ ಹೇಳಿ ನೋಡಿದರು. ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ. ಮೂರು ರೊಟ್ಟಿ ತಿಂದೆ.

ಹುಟ್ಟಿದ ತಾರೀಖು ಖಾಲಿ ಬಿಟ್ಟೆ ಎಂದು ಹೇಳಿದಾಗ ಅವರಿಗೆ ಸೇರಲಿಲ್ಲ. "ಖಾಲಿ ಬಿಡಬಾರದವಾ. ನಾವು ಕೌದಿ ಮೂಲೀನೂ ಖಾಲಿ ಬಿಡಂಗಿಲ್ಲ." ಕೊನೆಯ ಮೂಲೆ ಹೊಲಿದು ಮುಚ್ಚುವ ಮೊದಲು ಒಂದು ಚೂರು ರೊಟ್ಟಿಯೋ, ನಾಲ್ಕು ಕಾಳು ಜೋಳವೋ ಒಳಗಿಡುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಅಂತಾರೆ. ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಉಪವಾಸ ಇಡುವುದಿಲ್ಲವಂತೆ. ನಾನು ಮಹಾಂತೇಶನ ಪಾಠವನ್ನೆಲ್ಲ ಅವರಿಗೆ ಒಪ್ಪಿಸಿದೆ. ಗೊತ್ತಿಲ್ಲದ್ದನ್ನು ಸುಮ್ಮನೆ ತುಂಬಿದರೆ ಇಬ್ಬರು ಒಬ್ಬರಾಗಿಬಿಡುತ್ತಾರೆ, ಗೊತ್ತಾಗುವ ತನಕ ಖಾಲಿ ಇದ್ದರೇ ಕ್ಷೇಮ ಎಂದೆ. ಅವರು ಸೂಜಿ ನಿಲ್ಲಿಸಿ ಕೇಳಿ, "ಹಂಗೇನು" ಅಂದರು.

ಆಮೇಲೆ ಗಂಡನ ಮಾತು ಬಂತು. "ಈಗೆಲ್ಲದಾನ?" ಅಸ್ಸಾಮ್ ಅಂದೆ. "ಹೂಂ" ಎಂದು ನನ್ನನ್ನು ನಿಲ್ಲಿಸಿ, ತಲೆಯಿಂದ ಹಿಮ್ಮಡಿಯವರೆಗೆ ಗೇಣು ಹಾಕಿ ಅಳೆದರು. ಬೆನ್ನಿಗೂ ಗೇಣು ಹಾಕಿದರು. ಕಚಗುಳಿಯಾಗಿ ನಕ್ಕುಬಿಟ್ಟೆ. ಯಾಕೆ ಅಂದರೆ, "ಸಣ್ಣಾಗಿ ಅನಸ್ತು, ನೋಡಿದೆ" ಅಂದರು.

ಜನವರಿ ೩, ಶುಕ್ರವಾರ

ಇವತ್ತು ಮರ್ಯಾದೆ ಹೋಗಿ ವಾಪಸ್ ಬಂತು.

ಸರೋಜವ್ವ ಪಟ್ಟಿ ನೋಡಲು ಬಂದರು. ಓದುತ್ತ ಓದುತ್ತ ನಿಂತರು. "ಚಮನಬಿ ಶಿಗ್ಗಾಂವಿ, ಚಮನಬಿ ಹುಲಗೂರು, ಚಮನಬಿ ಸವಣೂರು. ಮೂರೂ ಮಂದಿ ಗಂಡ ಇಮಾಮಸಾಬ. ಏನಿದು?"

ನನ್ನ ಮನೆಯ ಚಮನಬಿಯೇ! ಹುಲಗೂರು ಅವರ ತವರು, ಸವಣೂರಲ್ಲಿ ತಂಗಿ. ಓಡಿಹೋಗಿ ಕೇಳಿದರೆ ಒಪ್ಪಿಕೊಂಡರು: "ಹೋದಲ್ಲೆಲ್ಲಾ ಚಾ ಕೊಟ್ರು, ಮಂಡಕ್ಕಿ ಕೊಟ್ರು, ಫಾರಮ್ ಕೊಟ್ರು. ಬ್ಯಾಡ ಅನ್ನೂದು ಚೊಲೋ ಅಲ್ಲಂತ ತುಂಬಿಸಿದೆ ಬೇಟಿ." ಅವರ ಇನ್ನೆರಡು ಫಾರ್ಮು ತಡವಾಗಿ ಬಂದದ್ದು, ತಾರೀಖು ಖಾಲಿ ಇದ್ದದ್ದಕ್ಕೆ ಮಷಿನ್ ಮೂರನ್ನೂ ಒಳಗೆ ಬಿಟ್ಟಿತ್ತು. ಮಹಾಂತೇಶನಿಗೆ ಫೋನ್ ಹಚ್ಚಿದೆ. "ಹೌದ್ರಿ ಅಕ್ಕಾರ, ಅದರದು ಇದ ಗುಣ. ಗೊತ್ತಿಲ್ದವು ಎರಡು ಒಂದ ಅಂತ ಹೇಳಂಗಿಲ್ಲ, ಅಂದಮ್ಯಾಲ ಒಬ್ಬಾಕಿನ ಮೂರು ಸಲ ಬಂದ್ರೂ ಹಿಡಿಯಂಗಿಲ್ಲ. ಅಲ್ಲಿ ಮನಶ್ಯಾರ ನೋಡಬೇಕು."

ಸರೋಜವ್ವ ಪೆನ್ನು ತೆಗೆದರು. "ಮೂರು ದಿನದಾಗ ಯಾರು ನೋಡ್ತಾರ? ತಾರೀಖ ಇಲ್ದವರನ್ನೆಲ್ಲಾ ತಗದ ಬಿಡು. ಮುಂದಿನ ವರ್ಷ ಹಾಕೋಣಂತ."

ನೂರಾ ಅರವತ್ತು ಮಂದಿ. ಶೇಖವ್ವನಿಗೆ ಎಪ್ಪತ್ತೇಳೋ ಎಪ್ಪತ್ತೊಂಬತ್ತೋ, ಯಾರಿಗೂ ಗೊತ್ತಿಲ್ಲ. ಮುಂದಿನ ವರ್ಷ ಅಂದರೆ ಏನು?

"ನಾ ತಗಿಯಂಗಿಲ್ರಿ" ಅಂದೆ.

ಸರೋಜವ್ವ ನನ್ನನ್ನೇ ನೋಡಿದರು. ನಾನು ಫಾರ್ಮಿನ ರಾಶಿ ಎತ್ತಿ ಅವರ ಮುಂದಿಟ್ಟೆ. "ಮಷಿನ್‌ಗೆ ಗೊತ್ತಾಗಂಗಿಲ್ಲ, ನಿಮಗ ಗೊತ್ತಾಗತೈತಿ. ಬಟ್ಟಿ ನೋಡ್ರಿ."

ಅವರು ಚಮನಬಿಯ ಮೂರು ತುಂಡು ಕೈಯಲ್ಲಿ ಹಿಡಿದು ಒಂದು ಸಲ ಹಿಂದೆ ಮುಂದೆ ತಿರುಗಿಸಿದರು. "ಒಬ್ಬಾಕಿದ ಐತಿ. ಗಂಟು ಎಡಕ್ಕ ಹಾಕ್ತಾಳ" ಅಂದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಚಾಪೆಯ ಮೇಲೆ ಕೂತರು. "ಚಾ ತರಿಸು."

ಜನವರಿ ೬, ಸೋಮವಾರ

ಹೋಯಿತು! ನಾಲ್ಕುನೂರಾ ಇಪ್ಪತ್ತೆರಡು ಹೆಸರು. ಮೂರು ದಿನ ಸರೋಜವ್ವ, ಚಮನಬಿ, ನಾನು ನೆಲದ ತುಂಬ ಬಟ್ಟೆ ಹರಡಿಕೊಂಡು ಕೂತಿದ್ದೆವು. ಚಮನಬಿ ತಮ್ಮ ಎರಡು ನಂಬರು ವಾಪಸ್ ಕೊಡುವಾಗ ಆಸ್ತಿ ಬಿಟ್ಟುಕೊಟ್ಟವರಂತೆ ಮುಖ ಮಾಡಿದರು. ನನಗೂ ಈಗ ಎರಡು ಮೂರು ಮಂದಿಯ ಹೊಲಿಗೆ ನೋಡಿದರೆ ಗೊತ್ತಾಗುತ್ತದೆ. ನಿನ್ನೆ ಚಮನಬಿ ಸೂಜಿ ಕೊಟ್ಟು ಒಂದು ಸಾಲು ಹೊಲಿಸಿದರು. ಹಾವು ಹರಿದ ಹಾಗಿತ್ತು. ಎಲ್ಲರೂ ಬಹಳ ನಕ್ಕರು, ನಾನೂ.

ಜನವರಿ ೧೩, ಸೋಮವಾರ

ಬಂಕಾಪುರಕ್ಕೆ ಹೋಗಿ ಅಲ್ಲಿಯ ಶೇಖವ್ವನನ್ನು ಪ್ರದರ್ಶನಕ್ಕೆ ಕರೆದು ಬಂದೆ. ತಪ್ಪದೇ ಬರುತ್ತಾರಂತೆ, ತನ್ನ ಹೆಸರು ಕದ್ದವಳನ್ನು ನೋಡಬೇಕಂತೆ. ಅವರ ಓಣಿಯಲ್ಲಿ ನವಿಲೊಂದು ಗೋಡೆ ಮೇಲೆ ಕೂತು ಯಾರಿಗೂ ದಾರಿ ಬಿಡುತ್ತಿರಲಿಲ್ಲ. ಬರುವಾಗ ಬಸ್ಸು ಕಿಕ್ಕಿರಿದು ತುಂಬಿತ್ತು. ಒಬ್ಬಳು ನನ್ನ ತೊಡೆಯ ಮೇಲೆ ತನ್ನ ಕೂಸನ್ನು ಕೂರಿಸಿ, ಗಂಡ ಏನು ಮಾಡತಾನ್ರಿ ಅಂದಳು. ಲಗ್ನ ಆಗಿಲ್ಲ ಅಂದೆ. ಕೂಸು ನನ್ನ ಚಷ್ಮಾ ಕಿತ್ತು ಬಾಯಿಗಿಟ್ಟುಕೊಂಡಿತ್ತು, ಅದನ್ನು ಬಿಡಿಸುವುದರಲ್ಲೇ ಶಿಗ್ಗಾಂವಿ ಬಂತು. ನಾಳೆ ಸಂಕ್ರಾಂತಿ. ಚಮನಬಿಗೆ ಎಳ್ಳುಬೆಲ್ಲ ತರಬೇಕು.

ಜನವರಿ ೧೯, ಭಾನುವಾರ. ಹಾನಗಲ್ಲ

ಈಗಷ್ಟೇ ಎಲ್ಲ ಮುಗಿಯಿತು, ಮರೆಯುವ ಮೊದಲು ಬರೆಯುತ್ತೇನೆ.

ಸಾಲಿಯ ಮೈದಾನದಲ್ಲಿ ಹಗ್ಗ ಕಟ್ಟಿ ಇನ್ನೂರು ಕೌದಿ ಹರವಿದ್ದೆವು. ಹೆಸರಿನ ಪಟ್ಟಿಗಳ ಡಬ್ಬಿ ಬೆಳಗ್ಗೆ ಏಳಕ್ಕೆ ಬಂತು. ನಾನು ಒಬ್ಬೊಬ್ಬರಿಗೂ ಕೊಡುತ್ತ ಬಂದೆ, ಅವರವರೇ ಕೂತು ತಮ್ಮ ಕೌದಿಗೆ ಹೊಲಿದುಕೊಂಡರು.

ಹಂಸಭಾವಿಯ ಶೇಖವ್ವ ಪಟ್ಟಿಯನ್ನು ಅಂಗೈ ಮೇಲಿಟ್ಟುಕೊಂಡು ಬೆರಳಾಡಿಸಿದರು. ಅವರಿಗೆ ಓದಲು ಬರುವುದಿಲ್ಲ. "ಇದು ನಾನ ಏನು? ಆಕಿ ಅಲ್ಲಲ್ಲ?"

"ನೀವರಿ. ನಾಕನೂರಾ ಮೂವತ್ತೊಂದು."

ಅವರ ಕಣ್ಣು ತುಂಬಿತು, ನನ್ನದೂ. ಅಷ್ಟರಲ್ಲಿ ಬಂಕಾಪುರದ ಶೇಖವ್ವ ಬಂದರು, ಸೊಂಟದ ಮೇಲೆ ಕೈಯಿಟ್ಟು ನಿಂತು, "ನೀನ ಏನ ನನ್ನ ಹೆಸರಿನಾಕಿ?" ಅಂದರು. ಇಬ್ಬರೂ ಒಬ್ಬರ ಕೌದಿ ಒಬ್ಬರು ಹಿಂದುಮುಂದು ಮಾಡಿ ನೋಡಿದರು, ಒಬ್ಬರ ಹೊಲಿಗೆಯಲ್ಲಿ ಒಬ್ಬರು ತಪ್ಪು ಹುಡುಕಿದರು. ಆಮೇಲೆ ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು ತಿಂದರು. ಇಬ್ಬರು ಹೊಳಬಸಪ್ಪಂದಿರಲ್ಲಿ ಯಾರು ಹೆಚ್ಚು ಸೋಮಾರಿ ಅನ್ನುವ ವಾದ ಮಧ್ಯಾಹ್ನದವರೆಗೂ ನಡೆಯಿತು.

ಸಂಜೆ ಹೊರಡುವಾಗ ಹಂಸಭಾವಿಯ ಶೇಖವ್ವ ಒಂದು ಗಂಟು ತಂದು ನನ್ನ ತೊಡೆಯ ಮೇಲಿಟ್ಟರು. ಕೌದಿ. ನೀಲಿ, ಹಳದಿ, ಮಾವಿನ ಹಣ್ಣಿನ ಬಣ್ಣ. ಹೊರಗಿನಿಂದ ಸುತ್ತುತ್ತ ಸುತ್ತುತ್ತ ನಡುವೆ ಬಂದು ನಿಂತ ಬಿಳಿ ಹೊಲಿಗೆ. "ಮಿಲಿಟ್ರಿಯಾಂವಗ. ಚಳ್ಯಾಗ ಅದಾನಲ್ಲ" ಅಂದರು.

ನನಗೆ ನೆಲ ಬಿರಿದು ಒಳಗೆ ಎಳೆದುಕೊಳ್ಳಬಾರದೇ ಅನಿಸಿತು. ಎಪ್ಪತ್ತು ದಾಟಿದ ಮುದುಕಿ ಮೂರು ವಾರ ಕೂತು, ಇಲ್ಲದವನ ಚಳಿಗೆ ಹೊಲಿದದ್ದು! "ಅಜ್ಜಿ" ಅಂದೆ, "ಅಂಥಾಂವ ಯಾರೂ ಇಲ್ರಿ. ನನಗ ಲಗ್ನ ಆಗಿಲ್ಲ. ಸುಳ್ಳ ಹೇಳಿದೆ. ನನ್ನ ಕ್ಷಮಿಸ್ರಿ."

ಅವರು ಎಲೆ ಅಡಿಕೆ ಜಗಿಯುತ್ತಲೇ ಇದ್ದರು. "ಗೊತ್ತೈತಿ ಬಿಡ. ಗಂಡ ಇದ್ದಾಕಿ ಎರಡು ಸಲ ಕೇಳಿದ್ರೂ ಒಂದ ಊರು ಹೇಳ್ತಾಳ. ನೀ ಮೊದಲ ಜಮ್ಮು ಅಂದಿ, ಆಮ್ಯಾಲ ಅಸ್ಸಾಮ್ ಅಂದಿ. ಹೊದ್ಕೊಂಡು ನೋಡು."

ಹ್ಯಾಗೋ ಎದ್ದು ಹೊದ್ದುಕೊಂಡೆ. ನೆತ್ತಿಯಿಂದ ಹಿಮ್ಮಡಿಯವರೆಗೆ, ಒಂದು ಬೆರಳೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನದೇ ಅಳತೆ. ಹಂಸಭಾವಿಯ ಬಿಸಿಲಲ್ಲಿ ಅವರು ಹಾಕಿದ ಗೇಣು ಆಗ ನೆನಪಾಯಿತು. ಅಳು ಬಂತು, ಅಳುತ್ತ ಅಳುತ್ತ ನಗು ಬಂತು. ಬಂಕಾಪುರದ ಶೇಖವ್ವ ಏನಾಯಿತೆಂದು ತಿಳಿಯದೆ ನನ್ನ ಬೆನ್ನು ಬಡಿಯುತ್ತಿದ್ದರು.

ಮಡಚುವಾಗ ನೋಡಿದೆ, ಒಂದು ಮೂಲೆ ಹೊಲಿದಿಲ್ಲ. ಬೆರಳು ಹಾಕಿದರೆ ಒಳಗೆ ರೊಟ್ಟಿಯೂ ಇಲ್ಲ, ಕಾಳೂ ಇಲ್ಲ.

"ಮೂಲಿ ಮರತೀರಿ ಅಜ್ಜಿ."

"ಮರತಿಲ್ಲ. ನಿನಗ ಏನ ಬೇಕಂತ ನನಗೇನ ಗೊತ್ತು? ಗೊತ್ತಿಲ್ದದ್ದು ತುಂಬಬಾರದಂತ ನೀನ ಹೇಳಿದ್ಯಲ್ಲ." ದಾರ ಪೋಣಿಸಿದ ಸೂಜಿಯೊಂದನ್ನು ಆ ಮೂಲೆಗೇ ಚುಚ್ಚಿ ಕೊಟ್ಟರು.

ಜನವರಿ ೨೨, ಬುಧವಾರ

ಸರೋಜವ್ವ ಕೆಲಸ ಕಾಯಂ ಅಂದರು. ಚಮನಬಿ ಬೆನ್ನು ಹತ್ತಿ ನನ್ನಿಂದಲೂ ಒಂದು ಫಾರ್ಮು ತುಂಬಿಸಿದರು. ಹಾವು ಹರಿದ ನನ್ನ ಹೊಲಿಗೆಯ ತುಂಡು ಚುಚ್ಚಿದೆ. ಹುಟ್ಟಿದ ತಾರೀಖು ಗೊತ್ತಿಲ್ಲ, ಬಿಟ್ಟೆ. ಗಂಡನ ಅಥವಾ ಅಪ್ಪನ ಹೆಸರಿಗೆ ಅಪ್ಪನದು ಹಾಕಿದೆ, ಮಲ್ಲೇಶಪ್ಪ. ಗುಂಡಿ ಒತ್ತಿದೆ. ಮಷಿನ್ ಏನೂ ತಕರಾರು ತೆಗೆಯಲಿಲ್ಲ. ನಂಬರು ೪೪೦.

ಮೂರು ದಿನದಿಂದ ಆ ಕೌದಿಯನ್ನೇ ಹೊದ್ದು ಮಲಗುತ್ತಿದ್ದೇನೆ. ಮೂಲೆಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿದುಬಿಡು ಎಂದು ಚಮನಬಿ ದಿನಾ ಹೇಳುತ್ತಾರೆ. ಇನ್ನೂ ಹಾಗೇ ಬಿಟ್ಟಿದ್ದೇನೆ. ಅಲ್ಲಿಂದ ಚಳಿ ಏನೂ ಒಳಗೆ ಬರುವುದಿಲ್ಲ.